ಆಕ್ಲೆಂಡ್ ದಡದ ಹತ್ತಿರ ಸ್ನ್ಯಾಪರ್ ಹಿಡಿಯುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಹೊನ್ನಾವರ ಕಡೆಯವನು. ಶರಾವತಿ ಅಳಿವೆಯ ದಡದಲ್ಲಿ ಟಂಗೂಸಿ ದಾರ ಬೆರಳಿಗೆ ಸುತ್ತಿಕೊಂಡು ಗಾಳ ಹಾಕುತ್ತಾ ಬೆಳೆದೆ. ನ್ಯೂಜಿಲೆಂಡಿಗೆ ಬಂದ ಮೇಲೆ ಆಕ್ಲೆಂಡಿನ ಹೌರಾಕಿ ಕೊಲ್ಲಿ ಸಿಕ್ಕಿತು, ಸ್ನ್ಯಾಪರ್ ಸಿಕ್ಕಿತು. ಇಲ್ಲಿಗೆ ಹೊಸದಾಗಿ ಬಂದ ಕನ್ನಡದವರು ಹೆಚ್ಚುಕಮ್ಮಿ ಒಂದೇ ಥರದ ಪ್ರಶ್ನೆ ಕೇಳುತ್ತಾರೆ. ಫೋನಿನಲ್ಲಿ ತುಂಡು ತುಂಡಾಗಿ ಹೇಳುವ ಬದಲು ಎಲ್ಲವನ್ನೂ ಇಲ್ಲಿ ಬರೆದಿಟ್ಟಿದ್ದೇನೆ.

ಸ್ನ್ಯಾಪರ್ ಅಂದರೆ ನಮ್ಮೂರಿನ ರೆಡ್ ಸ್ನ್ಯಾಪರೇನಾ?

ಅಲ್ಲ. ಊರಿನ ಮಾರುಕಟ್ಟೆಯಲ್ಲಿ ರೆಡ್ ಸ್ನ್ಯಾಪರ್ ಅಂತ ಸಿಗುವುದು ಲುಟ್ಯಾನಸ್ ಗುಂಪಿನ ಮೀನು. ಇಲ್ಲಿಯದು ಸೀ ಬ್ರೀಮ್ ಬಳಗದ್ದು. ವೈಜ್ಞಾನಿಕ ಹೆಸರು ಕ್ರೈಸೋಫ್ರಿಸ್ ಔರಾಟಸ್. ಇಲ್ಲಿನ ಮೂಲನಿವಾಸಿಗಳಾದ ಮಾವೊರಿಗಳ ಭಾಷೆಯಲ್ಲಿ ತಾಮುರೆ. ಆಸ್ಟ್ರೇಲಿಯಾದಲ್ಲೂ ಇದೇ ಮೀನಿದೆ. ಹಾಗಾಗಿ ಮೆಲ್ಬರ್ನಿನ ಪೋರ್ಟ್ ಫಿಲಿಪ್ ಕೊಲ್ಲಿಯಲ್ಲಿ ಗಾಳ ಹಾಕುವವರಿಗೂ ಇಲ್ಲಿ ಹೇಳಿದ ವಿದ್ಯೆ ಬಹುಮಟ್ಟಿಗೆ ಉಪಯೋಗಕ್ಕೆ ಬರುತ್ತದೆ. ಕಾನೂನು ಮಾತ್ರ ಪೂರ್ತಿ ಬೇರೆ, ಅದನ್ನು ಅಲ್ಲಿಯದೇ ನೋಡಿಕೊಳ್ಳಬೇಕು.

ನೀರಿನಿಂದ ಆಗಷ್ಟೇ ಮೇಲೆ ಬಂದ ಸ್ನ್ಯಾಪರನ್ನು ಒಮ್ಮೆ ಹತ್ತಿರದಿಂದ ನೋಡಿ. ಬೆನ್ನು ತಿಕ್ಕಿದ ತಾಮ್ರದ ಹಂಡೆಯ ಬಣ್ಣ, ಹೊಟ್ಟೆ ಬೆಳ್ಳಿ. ಮೈಮೇಲೆ ಅಲ್ಲಲ್ಲಿ ಹೊಳೆಯುವ ನೀಲಿ ಚುಕ್ಕಿ, ಯಾರೋ ಕಡ್ಡಿ ಅದ್ದಿ ಇಟ್ಟ ಹಾಗೆ. ಸ್ವಲ್ಪ ಹೊತ್ತಿನಲ್ಲಿ ಆ ನೀಲಿ ಮಂಕಾಗುತ್ತದೆ. ಬಾಯಿ ತೆರೆದರೆ ಮುಂದೆ ಕೋರೆಹಲ್ಲು, ಒಳಗೆ ದುಂಡನೆಯ ದವಡೆ ಹಲ್ಲು. ಏಡಿ, ಚಿಪ್ಪು ಎಲ್ಲವನ್ನೂ ಪುಡಿ ಮಾಡುವ ಹಲ್ಲು ಅದು. ಬೆರಳು ಒಳಗೆ ಹಾಕಬೇಡಿ.

ದೊಡ್ಡ ಮೀನಿಗೆ ಆಳಕ್ಕೇ ಹೋಗಬೇಕಲ್ವಾ? ದಡದ ಹತ್ತಿರ ಏನಿರುತ್ತದೆ?

ಎಲ್ಲಕ್ಕಿಂತ ಜಾಸ್ತಿ ಕೇಳಿಸಿಕೊಂಡ ಪ್ರಶ್ನೆ ಇದು. ಬೇಡ ಎನ್ನುವುದೇ ನನ್ನ ಉತ್ತರ. ಬಂಡೆ, ಕಡಲ ಪಾಚಿ ಇರುವ 2ರಿಂದ 10 ಮೀಟರ್ ಆಳದ ನೀರು ನನಗೆ ಸಾಕು. ಎಷ್ಟೋ ಸಲ ದೋಣಿಯಿಂದ ನೋಡಿದರೆ ತಳ ಕಾಣುವಷ್ಟು ಆಳದಲ್ಲೇ ಒಳ್ಳೆಯ ಮೀನು ಸಿಕ್ಕಿದೆ.

ಕಾರಣ ಊಟ. ಮಸೆಲ್ ಚಿಪ್ಪು, ಏಡಿ, ಕೀನಾ ಎಂದು ಇಲ್ಲಿ ಕರೆಯುವ ಮುಳ್ಳಿನ ಚೆಂಡಿನಂಥ ಕಡಲಜೀವಿ, ಹುಳ, ಎಲ್ಲವೂ ಬಂಡೆಗೇ ಅಂಟಿಕೊಂಡು ಬದುಕುತ್ತವೆ. ಅಲೆ ಬಂದು ಬಂಡೆಗೆ ಬಡಿದಾಗ ಅವು ಸಡಿಲವಾಗಿ ಉದುರುತ್ತವೆ. ನೊರೆ ಎದ್ದ ಆ ಬಿಳಿ ನೀರಿನ ಕೆಳಗೆ ಸ್ನ್ಯಾಪರ್ ಕಾಯುತ್ತಿರುತ್ತದೆ. ನೊರೆಯ ಮರೆ ಇರುವುದರಿಂದ ಅದಕ್ಕೆ ಧೈರ್ಯವೂ ಜಾಸ್ತಿ.

ನಂಬಿಕೆ ಬರದಿದ್ದರೆ ಆಕ್ಲೆಂಡಿನಿಂದ ಉತ್ತರಕ್ಕಿರುವ ಲೀ ಎಂಬ ಊರಿನ ಗೋಟ್ ಐಲೆಂಡಿಗೆ ಹೋಗಿ. 1975ರಲ್ಲಿ ಶುರುವಾದ, ನ್ಯೂಜಿಲೆಂಡಿನ ಮೊದಲ ಸಾಗರ ಮೀಸಲು ಪ್ರದೇಶ ಅದು. ಅಲ್ಲಿ ಗಾಳ ಹಾಕುವಂತಿಲ್ಲ. ನೀರೊಳಗೆ ನೋಡುವ ಕನ್ನಡಕ ಹಾಕಿಕೊಂಡು ಈಜಿ, ಅಷ್ಟೇ. ಹೆಚ್ಚು ಆಳವೇ ಇಲ್ಲದ ನೀರಿನಲ್ಲಿ ಮಾರುದ್ದ ದೂರದಲ್ಲೇ ದೊಡ್ಡ ದೊಡ್ಡ ಸ್ನ್ಯಾಪರ್ ನಿಮ್ಮನ್ನು ನೋಡುತ್ತಾ ದಾಟಿ ಹೋಗುತ್ತವೆ. ಹಿಡಿಯುವವರೇ ಇಲ್ಲದ ಕಡೆ ಅವು ಎಲ್ಲಿರಲು ಇಷ್ಟಪಡುತ್ತವೆ ಅನ್ನುವುದು ಅಲ್ಲಿ ಗೊತ್ತಾಯಿತು ನನಗೆ.

ಆದರೆ ಆಳ ಇಲ್ಲದ ನೀರಿನಲ್ಲಿ ಮೀನಿಗೆ ಎಲ್ಲವೂ ಕೇಳಿಸುತ್ತದೆ. ನಾನು ಬಂದ ಹೊಸದರಲ್ಲಿ ನಾಲ್ಕು ಜನ ಒಂದು ಅಲ್ಯೂಮಿನಿಯಂ ದೋಣಿಯಲ್ಲಿ ಹೋಗಿದ್ದೆವು. ಜಾಗ ಚೆನ್ನಾಗಿತ್ತು, ಹೊತ್ತೂ ಸರಿಯಿತ್ತು. ಲಂಗರಿನ ಸರಪಳಿಯನ್ನು ಗರಗರ ಅಂತ ಒಮ್ಮೆಲೇ ಬಿಟ್ಟೆವು. ಐಸ್ ಪೆಟ್ಟಿಗೆಯ ಮುಚ್ಚಳ ಧಡ್ ಅಂತ ಹಾಕಿದೆವು. ಎರಡು ಗಂಟೆ ಕೂತರೂ ಒಂದು ಕಡಿತ ಇಲ್ಲ. ಅದೇ ವಾರ ಅದೇ ಜಾಗಕ್ಕೆ ಹಿರಿಯರೊಬ್ಬರ ಜೊತೆ ಹೋದೆ. ಅವರು ನೂರು ಮೀಟರ್ ಮೊದಲೇ ಎಂಜಿನ್ ಆರಿಸಿದರು, ದೋಣಿ ತೇಲಿಕೊಂಡು ಬರಲಿ ಅಂತ ಬಿಟ್ಟರು, ಲಂಗರನ್ನು ಕೈಯಲ್ಲಿ ಹಿಡಿದು ಮಗುವನ್ನು ಮಲಗಿಸುವ ಹಾಗೆ ಇಳಿಸಿದರು. ಇಪ್ಪತ್ತು ನಿಮಿಷದಲ್ಲಿ ಮೀನು ಬಂತು. ದಡದ ಹತ್ತಿರದ ಮೀನುಗಾರಿಕೆಗೆ ದುಬಾರಿ ಸಾಮಾನು ಬೇಡ. ಸದ್ದು ಮಾಡದೆ ಇರುವುದು ಬೇಕು, ಹಗುರಾದ ಗಾಳ ಬೇಕು. ನನಗೆ ಗೊತ್ತಿರುವುದರಲ್ಲಿ ಮುಕ್ಕಾಲು ಭಾಗ ಇದೇ.

ಲೈಸೆನ್ಸ್ ಬೇಕಾ? ಎಷ್ಟು ಮೀನು ಹಿಡಿಯಬಹುದು?

ಸಮುದ್ರದಲ್ಲಿ ಮನೆಗೆ ಬೇಕಾದಷ್ಟು ಹಿಡಿಯಲು ಲೈಸೆನ್ಸ್ ಬೇಡ. ಟ್ರೌಟ್‌ನಂಥ ಸಿಹಿನೀರಿನ ಮೀನಿಗೆ ಬೇಕು, ಅದು ಬೇರೆ ವಿಷಯ.

ಆದರೆ ಲೆಕ್ಕ ಇದೆ. ಆಕ್ಲೆಂಡಿನ ಪೂರ್ವ ಭಾಗ, ಅಂದರೆ ಹೌರಾಕಿ ಕೊಲ್ಲಿ ಇರುವ ಕಡೆ, ಒಬ್ಬರಿಗೆ ದಿನಕ್ಕೆ 7 ಸ್ನ್ಯಾಪರ್. ಪ್ರತಿಯೊಂದೂ ಕನಿಷ್ಠ 30 ಸೆಂಟಿಮೀಟರ್ ಇರಬೇಕು. 2014ರ ಏಪ್ರಿಲ್‌ಗೆ ಮೊದಲು ಇದು 9 ಮೀನು, 27 ಸೆಂಟಿಮೀಟರ್ ಇತ್ತು. ಹಳಬರು ಯಾರಾದರೂ 9 ಅಂದರೆ ಅದು ಆ ಕಾಲದ ಲೆಕ್ಕ. ಮನುಕಾವ್ ಬಂದರು ಇರುವ ಪಶ್ಚಿಮ ಭಾಗದಲ್ಲಿ 10 ಮೀನು, 27 ಸೆಂಟಿಮೀಟರ್. ಒಂದೇ ಊರಿನ ಎರಡು ಮಗ್ಗುಲಿಗೆ ಎರಡು ಕಾನೂನು, ಹುಷಾರು.

ಈ ಅಂಕಿಗಳು ಬದಲಾಗಬಹುದು. ಮೀಸಲು ಪ್ರದೇಶದ ಗಡಿಗಳೂ ಬದಲಾಗುತ್ತವೆ. ಸರ್ಕಾರದ್ದೇ ಎನ್‌ಝಡ್ ಫಿಶಿಂಗ್ ರೂಲ್ಸ್ ಎಂಬ ಆ್ಯಪ್ ಇದೆ, ದುಡ್ಡು ಕೊಡಬೇಕಿಲ್ಲ. ಹೊರಡುವ ದಿನ ಬೆಳಿಗ್ಗೆ ಅದನ್ನು ತೆರೆದು ನೋಡಿಯೇ ಹೊರಡಿ.

ಇನ್ನೊಂದು ಮಾತು. 7 ಅನ್ನುವುದು ನಿಜವಾಗಿ ಗಾಳ ಹಾಕಿದವರ ಪಾಲು. ದೋಣಿಯ ಮೂಲೆಯಲ್ಲಿ ಮಲಗಿರುವ ಮಗುವಿನ ಹೆಸರಿನಲ್ಲಿ ಇನ್ನೊಂದು 7 ಇಟ್ಟುಕೊಳ್ಳುವಂತಿಲ್ಲ.

ಅಳೆಯುವುದು ಎಲ್ಲಿಂದ ಎಲ್ಲಿಗೆ?

ಮೂತಿಯ ತುದಿಯಿಂದ ಬಾಲದ ಕವಲಿನ ತನಕ. ಬಾಲದ ತುದಿಯವರೆಗೆ ಅಲ್ಲ. ಮೀನನ್ನು ಒದ್ದೆ ಮಾಡಿದ ಅಳತೆ ಹಲಗೆಯ ಮೇಲೆ ಚಪ್ಪಟೆ ಮಲಗಿಸಿ, ಮೂತಿಯನ್ನು ತುದಿಯ ಪಟ್ಟಿಗೆ ತಾಗಿಸಿ ನೋಡಿ. 29 ಮತ್ತು ಮುಕ್ಕಾಲು ಬಂದರೆ ಅದು 30 ಅಲ್ಲ. ಬಾಲ ಎಳೆದು, ಬಾಯಿ ತೆರೆಸಿ 30 ಮಾಡುವವರನ್ನು ನೋಡಿದ್ದೇನೆ, ಬೇಜಾರಾಗುತ್ತದೆ. ಸ್ನ್ಯಾಪರ್ ಬೆಳೆಯುವುದು ತುಂಬಾ ನಿಧಾನ. ಆ ಅಳತೆಗೆ ಬರಲು ಅದಕ್ಕೆ ಹಲವು ವರ್ಷ ಬೇಕು. ಬಿಟ್ಟರೆ ಅದು 60 ವರ್ಷದ ತನಕ ಬದುಕಬಲ್ಲದು. ನಮ್ಮ ದೋಣಿಯ ಕೆಳಗೆ ನಮಗಿಂತ ಹಿರಿಯ ಮೀನು ಇರಬಹುದು.

ಮೊದಲ ಸಲ ಎಲ್ಲಿಗೆ ಹೋಗಲಿ?

ದೋಣಿ ಇದ್ದರೆ ರಂಗಿತೊತೊ ದ್ವೀಪದ ಸುತ್ತ. ಅದು ಸುಮಾರು 600 ವರ್ಷದ ಹಿಂದೆ ಸಮುದ್ರದಿಂದ ಎದ್ದ ಜ್ವಾಲಾಮುಖಿ. ಕಪ್ಪು ಲಾವಾ ಕಲ್ಲು ನೀರಿನೊಳಗೂ ಹಾಗೇ ಇಳಿದು ಹೋಗಿದೆ, ಸಂದುಗೊಂದು ಬೇಕಾದಷ್ಟು. ವೈಹೆಕೆ ದ್ವೀಪದ ಬಂಡೆಗಳು, ಫಂಗಪರಾವ ಪರ್ಯಾಯ ದ್ವೀಪದ ತುದಿ, ಕವಾವ್ ಕೊಲ್ಲಿ, ಇವೂ ಒಳ್ಳೆಯ ಜಾಗಗಳೇ. ದಾರಿಯಲ್ಲಿ ಲಾಂಗ್ ಬೇ ಹತ್ತಿರ ಮೀಸಲು ಪ್ರದೇಶ ಇದೆ, ಫಂಗಪರಾವದ ಹತ್ತಿರವೂ ನಿರ್ಬಂಧದ ಜಾಗಗಳಿವೆ. ನಕ್ಷೆಯಲ್ಲಿ ನೋಡದೆ ಗಾಳ ಇಳಿಸಬೇಡಿ.

ಜಾಗದ ಹೆಸರಿಗಿಂತ ಜಾಗದ ಗುಣ ಕಲಿಯಿರಿ. ಬಂಡೆ ಮತ್ತು ಮರಳು ಸೇರುವ ಅಂಚು. ನೀರು ಎರಡು ಕಡೆಯಿಂದ ಬಂದು ಕೂಡುವ ಮೂಗಿನಂಥ ತುದಿ. ಮಸೆಲ್ ಚಿಪ್ಪು ಹಿಡಿದ ಬಂಡೆ. ಈ ಮೂರರಲ್ಲಿ ಎರಡು ಕಂಡರೂ ಅಲ್ಲೇ ನಿಲ್ಲಿ.

ಮಸೆಲ್ ಅಂದಾಗ ನೆನಪಾಯಿತು. ಒಂದು ಕಾಲಕ್ಕೆ ಈ ಕೊಲ್ಲಿಯ ತಳದಲ್ಲಿ, ಥೇಮ್ಸ್ ಎಂಬ ಊರಿನ ಕಡೆಯ ಮೂಲೆಯಲ್ಲಿ, ನೂರಾರು ಚದರ ಕಿಲೋಮೀಟರ್ ಹಸಿರು ತುಟಿಯ ಮಸೆಲ್ ಹಾಸಿಕೊಂಡಿತ್ತು. ಇಪ್ಪತ್ತನೇ ಶತಮಾನದ ಮೊದಲಿನಿಂದ 1960ರ ದಶಕದ ಕೊನೆಯ ತನಕ ಅದನ್ನು ದೋಣಿಗಳು ಬಾಚಿ ಬಾಚಿ ಮುಗಿಸಿಬಿಟ್ಟವು. ಬಾಚುವುದು ನಿಂತು ಅರ್ಧ ಶತಮಾನ ದಾಟಿದರೂ ಅದು ತಾನಾಗಿ ವಾಪಸ್ ಬರಲಿಲ್ಲ. ಈಗ ಜನರೇ ಚಿಪ್ಪುಗಳನ್ನು ತಂದು ತಳಕ್ಕೆ ಹಾಕಿ ಮತ್ತೆ ಬೆಳೆಸಲು ನೋಡುತ್ತಿದ್ದಾರೆ. ಅಳಿವೆಯಲ್ಲಿ ಬಳಚು ಹೆಕ್ಕಿ ಬೆಳೆದ ನನಗೆ ಇದು ದೂರದ ಸುದ್ದಿ ಅನಿಸುವುದಿಲ್ಲ.

ಯಾವ ತಿಂಗಳು, ಯಾವ ಹೊತ್ತು ಒಳ್ಳೆಯದು?

ಇಲ್ಲಿ ಋತು ನಮಗೆ ತಿರುವುಮುರುವು. ಅಕ್ಟೋಬರ್ ಕೊನೆಯಿಂದ ನೀರು ಬಿಸಿಯಾಗುತ್ತದೆ. 18 ಡಿಗ್ರಿ ಆಸುಪಾಸಿಗೆ ಬಂದಾಗ ಮೊಟ್ಟೆ ಇಡಲು ಸ್ನ್ಯಾಪರ್ ಗುಂಪು ಗುಂಪಾಗಿ ಕೊಲ್ಲಿಯೊಳಗೆ ಬರುತ್ತವೆ. ನವೆಂಬರ್, ಡಿಸೆಂಬರ್‌ನಲ್ಲಿ ಎಲ್ಲರಿಗೂ ಮೀನು. ನನಗೆ ಮಾತ್ರ ಮಾರ್ಚಿನಿಂದ ಮೇ ತನಕದ ಕಾಲ ಹೆಚ್ಚು ಇಷ್ಟ. ರಜೆಯ ದೋಣಿಗಳ ಗದ್ದಲ ಇಳಿದಿರುತ್ತದೆ, ಮೀನು ಚಳಿಗಾಲಕ್ಕೆ ಮುಂಚೆ ಚೆನ್ನಾಗಿ ತಿನ್ನುತ್ತಿರುತ್ತದೆ, ಬಂಡೆಯ ಹತ್ತಿರವೇ ಇರುತ್ತದೆ. ಜುಲೈ, ಆಗಸ್ಟಿನಲ್ಲಿ ಸಂಖ್ಯೆ ಕಡಿಮೆ. ಆಗಲೂ ಕೆಲವು ದೊಡ್ಡವು ಅಲ್ಲೇ ಉಳಿದಿರುತ್ತವೆ, ಕಾಯುವ ತಾಳ್ಮೆ ಬೇಕು.

ಹೊತ್ತು ಅಂದರೆ ನಸುಕು ಮತ್ತು ಮುಸ್ಸಂಜೆ. ಮಟಮಟ ಮಧ್ಯಾಹ್ನ, ಬಿಸಿಲು, ಕನ್ನಡಿಯಂಥ ನೀರು ಇದ್ದರೆ ದಡದ ಹತ್ತಿರ ಸುಮ್ನೆ ಕೂತಿರಬೇಕಾಗುತ್ತದೆ. ದಡದ ಕಡೆಗೆ ಸ್ವಲ್ಪ ಗಾಳಿ ಬೀಸಿ ನೀರು ಕದಡಿದ್ದರೆ ಹಗಲಿನಲ್ಲೂ ಕಚ್ಚುತ್ತದೆ.

ಉಬ್ಬರ ಇಳಿತ ನೋಡಬೇಕಾ?

ನೋಡಲೇಬೇಕು. ಮಂಗಳೂರು ಕಡೆ ಉಬ್ಬರಕ್ಕೂ ಇಳಿತಕ್ಕೂ ಒಂದೂವರೆ ಮೀಟರ್ ಹತ್ತಿರದ ವ್ಯತ್ಯಾಸ. ಆಕ್ಲೆಂಡಿನ ಬಂದರಿನಲ್ಲಿ ಹುಣ್ಣಿಮೆ, ಅಮಾವಾಸ್ಯೆಯ ಹೊತ್ತಿಗೆ ಅದು 3 ಮೀಟರ್ ಮುಟ್ಟುತ್ತದೆ. ನೀರು ಹರಿಯುವಾಗ ಮೀನು ತಿನ್ನುತ್ತದೆ, ನಿಂತಾಗ ಅದೂ ನಿಲ್ಲುತ್ತದೆ. ಇಳಿತದಲ್ಲಿ ಒಣಗಿದ್ದ ಬಂಡೆಯ ಮೇಲೆ ಉಬ್ಬರದ ನೀರು ಏರುತ್ತಿರುವ ಎರಡು ಮೂರು ಗಂಟೆ ನನಗೆ ಎಲ್ಲಕ್ಕಿಂತ ಇಷ್ಟ. ಅದು ನಸುಕಿನ ಹೊತ್ತಿಗೇ ಕೂಡಿ ಬಂದರೆ ಅಲಾರಂ ಇಲ್ಲದೆಯೂ ಎಚ್ಚರ ಆಗುತ್ತದೆ.

ಯಾವ ರಾಡ್, ಯಾವ ರೀಲ್?

ಏಳು ಅಡಿ ಆಸುಪಾಸಿನ ಹಗುರ ಸ್ಪಿನ್ನಿಂಗ್ ರಾಡ್, ಅದಕ್ಕೆ ಹೊಂದುವ 4000 ಅಳತೆಯ ರೀಲ್. ಎರೆ ಹಾಕಿ ಹಿಡಿಯುವುದಾದರೆ 8ರಿಂದ 10 ಕಿಲೋ ತೂಕ ತಡೆಯುವ ನೈಲಾನ್ ದಾರ. ತುದಿಗೆ ಒಂದೆರಡು ಮೀಟರ್ ದಪ್ಪ ದಾರ, 20 ಕಿಲೋದ ಮೇಲಿನದು, ಬಂಡೆಗೆ ಉಜ್ಜಿದರೂ ಕಿತ್ತು ಹೋಗದಿರಲಿ ಅಂತ. ಇದನ್ನು ಇಲ್ಲಿ ಟ್ರೇಸ್ ಅನ್ನುತ್ತಾರೆ. ಅಂಗಡಿಯವರು ಇದಕ್ಕಿಂತ ದೊಡ್ಡದು ತೋರಿಸಿದರೆ ಸದ್ಯಕ್ಕೆ ಬೇಡ ಅನ್ನಿ.

ಸ್ಟ್ರೇಲೈನ್ ಅಂತ ಎಲ್ಲರೂ ಹೇಳುತ್ತಾರೆ. ಹಾಗಂದರೇನು?

ಸೀಸದ ಗುಂಡು ಇಲ್ಲದೆ, ಅಥವಾ ಬಟಾಣಿಯಷ್ಟು ಸಣ್ಣ ಗುಂಡು ಹಾಕಿ, ಎರೆಯನ್ನು ನೀರಿನ ಜೊತೆ ತೇಲಿ ಹೋಗಲು ಬಿಡುವುದು. ತಳಕ್ಕೆ ಧಪ್ ಅಂತ ಇಳಿಸುವುದಲ್ಲ. ಹರಿವಿನಲ್ಲಿ ಬಿದ್ದ ಮೀನಿನ ತುಂಡು ಹೇಗೆ ತಾನಾಗಿ ಮುಳುಗುತ್ತಾ ಹೋಗುತ್ತದೋ ಹಾಗೇ ಕಾಣಬೇಕು. ಕಡಿಮೆ ಆಳಕ್ಕೆ ಇದಕ್ಕಿಂತ ಒಳ್ಳೆಯ ದಾರಿ ನಾನು ಕಂಡಿಲ್ಲ.

ಎರೆಗೆ ಪಿಲ್ಚರ್ಡ್. ಇದು ನಮ್ಮ ಬೂತಾಯಿಯ ಹತ್ತಿರದ ನೆಂಟ, ವಾಸನೆ ಮೂಗಿಗೆ ಬಿದ್ದರೆ ಊರು ನೆನಪಾಗುತ್ತದೆ. ಕಟ್ಟುವುದು ಹೀಗೆ. ಅರ್ಧ ಕರಗಿದ ಮೀನು ತೆಗೆದುಕೊಳ್ಳಿ. ಪೂರ್ತಿ ಕರಗಿದರೆ ಕೈಯಲ್ಲೇ ಕಿತ್ತು ಬರುತ್ತದೆ. ಗಾಳವನ್ನು ಬಾಲದ ಬುಡದಲ್ಲಿ ಒಂದು ಸಲ ಪೂರ್ತಿ ತೂರಿಸಿ ಆಚೆ ಎಳೆದುಕೊಳ್ಳಿ. ಆಮೇಲೆ ಅದೇ ಗಾಳವನ್ನು ಮೈಯ ನಡುವೆ, ಮೊನೆ ತಲೆಯ ಕಡೆ ನೋಡುವ ಹಾಗೆ ಚುಚ್ಚಿ. ಮೊನೆ ಹೊರಗೆ ಕಾಣುತ್ತಲೇ ಇರಬೇಕು. ಚರ್ಮದೊಳಗೆ ಅಡಗಿದರೆ ಮೀನಿನ ಬಾಯಿಗೆ ನಾಟುವುದಿಲ್ಲ. ಕೊನೆಗೆ ಬಾಲದ ಬುಡಕ್ಕೆ ದಾರದಿಂದ ಎರಡು ಸುತ್ತು ಹಾಕಿ ಬಿಗಿ ಮಾಡಿ. ಈಗ ಎಳೆದರೆ ಮೀನು ನೇರವಾಗಿ, ಬಾಲ ಮುಂದಾಗಿ ಬರುತ್ತದೆ. ಗಿರಗಿರ ತಿರುಗಿದರೆ ಮತ್ತೆ ಕಟ್ಟಿ. ತಿರುಗುವ ಎರೆಯನ್ನು ದೊಡ್ಡ ಸ್ನ್ಯಾಪರ್ ಮುಟ್ಟುವುದಿಲ್ಲ.

ಗಾಳದ ಅಳತೆ 5/0ರಿಂದ 7/0. ಸಣ್ಣ ಗಾಳ ಹಾಕಿದರೆ ಮರಿಗಳು ನುಂಗಿಬಿಡುತ್ತವೆ, ಅದು ಬೇಡ. ಇಲ್ಲಿಯೇ ಹಿಡಿದ ಕಾಹವಾಯ್ ಮೀನಿನ ತುಂಡು ಕೂಡ ಒಳ್ಳೆಯ ಎರೆ. ಗಟ್ಟಿ ಇರುತ್ತದೆ, ಸಣ್ಣ ಮೀನುಗಳು ಬೇಗ ಕಿತ್ತುಕೊಂಡು ಹೋಗಲಾರವು.

ಬರ್ಲಿ ಹಾಕಲೇಬೇಕಾ?

ಬರ್ಲಿ ಅಂದರೆ ಮೀನನ್ನು ಕರೆಯಲು ನೀರಿಗೆ ಬಿಡುವ, ರುಬ್ಬಿ ಹೆಪ್ಪುಗಟ್ಟಿಸಿದ ಮೀನಿನ ಮುದ್ದೆ. ದೋಣಿಯಿಂದಾದರೆ ಹಾಕಿ. ಬಲೆಯ ಚೀಲದಲ್ಲಿ ಕಟ್ಟಿ ನೀರಿನ ಮೇಲ್ಮಟ್ಟದಲ್ಲೇ ನೇತುಹಾಕಿದರೆ ಸಾಕು. ಅದು ಕರಗುತ್ತಾ ಎಣ್ಣೆಯ ಜಾಡು ಹರಿವಿನ ಜೊತೆ ಬಂಡೆಯ ಕಡೆ ಹೋಗುತ್ತದೆ. ಹಾಗಾಗಿ ಲಂಗರು ಹಾಕುವಾಗಲೇ ಯೋಚಿಸಿ: ಹರಿವು ದೋಣಿಯಿಂದ ಬಂಡೆಗೆ ಹೋಗಬೇಕು, ಬಂಡೆಯಿಂದ ದೋಣಿಗೆ ಅಲ್ಲ. ಹತ್ತರಲ್ಲಿ ಏಳು ಜನ ತಪ್ಪುವುದು ಇಲ್ಲೇ ಅಂತ ನನ್ನ ಅಂದಾಜು. ಮೊದಲು ಸಣ್ಣ ಮೀನು ಬರುತ್ತವೆ. ಅವು ಗಲಾಟೆ ಮಾಡುತ್ತವೆ. ಮುಕ್ಕಾಲು ಗಂಟೆಯಾದ ಮೇಲೆ ಅವೆಲ್ಲ ಇದ್ದಕ್ಕಿದ್ದಂತೆ ಮಾಯವಾದರೆ ಮಾತು ನಿಲ್ಲಿಸಿ ದಾರ ನೋಡಿ. ದೊಡ್ಡದು ಬಂದಿದೆ.

ಕಚ್ಚಿದ್ದು ಹೇಗೆ ಗೊತ್ತಾಗುತ್ತದೆ? ಯಾವಾಗ ಎಳೆಯಬೇಕು?

ರೀಲಿನಲ್ಲಿ ದಾರ ತಡೆಯುವ ಕೊಂಡಿ ತೆರೆದೇ ಇರಲಿ, ದಾರ ತೋರುಬೆರಳಿನ ಮೇಲೆ ಹಗುರವಾಗಿ ಕೂತಿರಲಿ. ಟಕ್ ಟಕ್ ಅಂತ ಪುಟ್ಟ ಕುಟುಕು ಬಂದರೆ ಅದು ಸಣ್ಣದು, ಬಿಡಿ. ಸ್ನ್ಯಾಪರ್ ಕಚ್ಚಿದರೆ ಒಂದು ಸಲ ದಾರ ಭಾರವಾಗುತ್ತದೆ, ಒಂದು ಕ್ಷಣ ಏನೂ ಇಲ್ಲ, ಆಮೇಲೆ ಬೆರಳಿನ ಕೆಳಗಿನಿಂದ ದಾರ ಸರಸರನೆ ಓಡುತ್ತದೆ. ಆಗ ಗಾಬರಿಯಿಂದ ಎಳೆದರೆ ಎರೆ ಬಾಯಿಂದ ಜಾರುತ್ತದೆ. ಎರಡು ಮೂರು ಸೆಕೆಂಡು ಓಡಲಿ. ಕೊಂಡಿ ಮುಚ್ಚಿ, ದಾರ ಬಿಗಿಯಾಗುತ್ತಿದ್ದಂತೆ ರಾಡನ್ನು ಮೇಲಕ್ಕೆತ್ತಿ. ಜೋರಾಗಿ ಜಗ್ಗಬೇಕಿಲ್ಲ.

ಸಿಕ್ಕಿಕೊಂಡ ಸ್ನ್ಯಾಪರ್ ತಲೆ ಒದರುತ್ತದೆ. ಢಬ್, ಢಬ್, ಢಬ್ ಅಂತ ರಾಡಿನ ತುದಿ ಬಗ್ಗಿ ಬಗ್ಗಿ ಏಳುತ್ತದೆ. ಒಂದು ಸಲ ಇದು ಕೈಗೆ ಗೊತ್ತಾದರೆ ಕಣ್ಣು ಮುಚ್ಚಿಕೊಂಡೂ ಹೇಳಬಹುದು, ಇದು ಸ್ನ್ಯಾಪರ್, ಕಾಹವಾಯ್ ಅಲ್ಲ ಅಂತ. ಮೊದಲ ಓಟ ಬಂಡೆಯ ಕಡೆಗೇ. ಅಲ್ಲಿ ತಡೆದರೆ ಅರ್ಧ ಕೆಲಸ ಮುಗಿಯಿತು.

ಸಾಫ್ಟ್‌ಬೇಟ್ ಹೇಗೆ?

ಎರೆಯ ವಾಸನೆ ಕೈಗೆ ಬೇಡ ಅನ್ನುವವರಿಗೆ ಚೆನ್ನಾಗಿದೆ. ಐದಾರು ಇಂಚಿನ ಮೆತ್ತನೆಯ ಪ್ಲಾಸ್ಟಿಕ್ ಮೀನು, ಸುಮಾರು 7ರಿಂದ 10 ಗ್ರಾಂ ತೂಕದ ಜಿಗ್‌ಹೆಡ್ (ತಲೆಯಲ್ಲೇ ಭಾರದ ಗುಂಡು ಇರುವ ಗಾಳ), ತೆಳು ಬ್ರೇಡ್, ಅಂದರೆ ಹೆಣೆದ ದಾರ. ದೂರಕ್ಕೆ ಎಸೆದು ಮುಳುಗಲು ಬಿಡಿ. ಕಚ್ಚುವುದು ಬಹುಪಾಲು ಮುಳುಗುವಾಗಲೇ, ಆದ್ದರಿಂದ ಕಣ್ಣು ದಾರದ ಮೇಲಿರಲಿ. ನಾನು ಎರೆಯ ಕಡೆಯವನು, ಇದರ ಬಗ್ಗೆ ಇಷ್ಟೇ ಹೇಳಬಲ್ಲೆ.

ದೋಣಿ ಇಲ್ಲ. ದಡದಿಂದಲೇ ಆಗುತ್ತದಾ?

ಆಗುತ್ತದೆ. ದೋಣಿ ನಿಲ್ಲುವ ಕಟ್ಟೆಗಳಿಂದ ಶುರುಮಾಡಿ. ಮನುಕಾವ್ ಬಂದರಿನ ಕಾರ್ನ್‌ವಾಲಿಸ್ ಕಟ್ಟೆಯ ಮೇಲೆ ಎಲ್ಲ ದೇಶದವರೂ ಸಾಲಾಗಿ ನಿಂತಿರುತ್ತಾರೆ. ಕಲಿಯಲು ಒಳ್ಳೆಯ ಜಾಗ, ಕೇಳಿದರೆ ಹೇಳಿಕೊಡುತ್ತಾರೆ. ದೊಡ್ಡ ಮೀನಿಗೆ ಪೂರ್ವ ಭಾಗದ ಬಂಡೆಗಳು ಮೇಲು. ಕಯಾಕ್ ಇದ್ದರೆ ಇನ್ನೂ ಒಳ್ಳೆಯದು, ಅದಕ್ಕಿಂತ ಸದ್ದಿಲ್ಲದ ದೋಣಿ ಇಲ್ಲ. ಜೋರು ಮಳೆ ಬಂದ ಮರುದಿನ ಊರೊಳಗಿನ ಕಡಲತೀರಕ್ಕೆ ಹೋಗಬೇಡಿ. ಚರಂಡಿ ನೀರು ಸೇರಿರಬಹುದು. ಸೇಫ್‌ಸ್ವಿಮ್ ಎಂಬ ತಾಣದಲ್ಲಿ ಯಾವ ತೀರದ ನೀರು ಹೇಗಿದೆ ಅಂತ ಹಾಕಿರುತ್ತಾರೆ.

ಬಂಡೆ ಮೇಲೆ ನಿಂತು ಹಿಡಿಯುವುದು ಅಪಾಯವಾ?

ಹೌದು. ಈ ಒಂದು ಉತ್ತರವನ್ನು ದಯವಿಟ್ಟು ಎರಡು ಸಲ ಓದಿ. ಪಿಹಾ, ಮುರಿವಾಯ್ ಇರುವ ಪಶ್ಚಿಮ ತೀರದ ಬಂಡೆಗಳಿಂದ ಅಲೆ ಎಳೆದುಕೊಂಡು ಹೋಗಿ ಎಷ್ಟೋ ಜನ ತೀರಿಹೋಗಿದ್ದಾರೆ. ಅವರಲ್ಲಿ ನಮ್ಮ ಹಾಗೆ ಬೇರೆ ದೇಶದಿಂದ ಬಂದವರೂ ಇದ್ದಾರೆ. ಹತ್ತು ನಿಮಿಷ ಶಾಂತವಾಗಿದ್ದ ಜಾಗಕ್ಕೆ ಹನ್ನೊಂದನೇ ನಿಮಿಷ ಆಳೆತ್ತರದ ಅಲೆ ಬರುತ್ತದೆ. ಹೊಸಬರು ಅಲ್ಲಿಗೆ ಹೋಗಲೇಬೇಡಿ.

ಪೂರ್ವದಲ್ಲೂ ಲೈಫ್ ಜಾಕೆಟ್ ಮೈಮೇಲೆ ಇರಬೇಕು. ದೋಣಿಯ ಸೀಟಿನ ಕೆಳಗೆ ಇದ್ದರೆ ಪ್ರಯೋಜನ ಇಲ್ಲ. ಮಕ್ಕಳಿಗೆ ಅವರ ಅಳತೆಯದೇ ಬೇಕು. ಒಬ್ಬರೇ ಹೋಗಬೇಡಿ. ಎಲ್ಲಿಗೆ, ಎಷ್ಟು ಹೊತ್ತಿಗೆ ವಾಪಸ್ ಅಂತ ಮನೆಯಲ್ಲಿ ಹೇಳಿ ಹೊರಡಿ. ಫೋನನ್ನು ನೀರು ಹೋಗದ ಚೀಲದಲ್ಲಿ ಹಾಕಿ ಮೈಗೆ ಕಟ್ಟಿಕೊಳ್ಳಿ. ತುರ್ತು ನಂಬರ್ 111. ದೋಣಿಯ ರೇಡಿಯೋದಲ್ಲಿ ಚಾನೆಲ್ 16. ಏರುವ ನೀರು ನೀವು ನಡೆದು ಬಂದ ದಾರಿಯನ್ನು ಮುಚ್ಚುತ್ತದೆಯೇ ಅನ್ನುವುದನ್ನು ಮೊದಲೇ ನೋಡಿಕೊಳ್ಳಿ. ನನಗೆ ಒಮ್ಮೆ ಹೀಗಾಗಿ ಕತ್ತಲಲ್ಲಿ ನಾಲ್ಕು ಗಂಟೆ ಬಂಡೆಯ ಮೇಲೆ ಕೂತು ಇಳಿತಕ್ಕೆ ಕಾದಿದ್ದೇನೆ. ಮನೆಯಲ್ಲಿ ಅವತ್ತು ಯಾರೂ ಮಲಗಿರಲಿಲ್ಲ.

ಬರೀ ಸಣ್ಣದೇ ಸಿಗುತ್ತದೆ. ಬಿಡುವುದು ಹೇಗೆ?

ಒಂದೇ ಸಮನೆ ಮರಿ ಸಿಗುತ್ತಿದ್ದರೆ ಗಾಳ ದೊಡ್ಡದು ಮಾಡಿ, ಎರೆ ದೊಡ್ಡದು ಮಾಡಿ. ಆಗಲೂ ನಿಲ್ಲದಿದ್ದರೆ ಜಾಗ ಬದಲಿಸಿ. ಹತ್ತಾರು ಮರಿಗಳ ಬಾಯಿ ಹರಿದು ಒಂದು ಮೀನು ಮನೆಗೆ ತರುವುದು ಒಳ್ಳೆಯ ದಿನ ಅಲ್ಲ.

ಬಿಡುವಾಗ ಕೈ ಒದ್ದೆ ಮಾಡಿಕೊಳ್ಳಿ. ಒಣ ಕೈಯಲ್ಲಿ ಹಿಡಿದರೆ ಮೈಯ ಲೋಳೆ ಹೋಗುತ್ತದೆ, ಅದೇ ಅದರ ರಕ್ಷಣೆ. ಒಣ ಬಟ್ಟೆಯಲ್ಲಿ ಹಿಡಿಯುವುದೂ ಬೇಡ, ಕಿವಿರಿನೊಳಗೆ ಬೆರಳು ಬೇಡ. ಗಾಳ ಹೊಟ್ಟೆಗೆ ಹೋಗಿದ್ದರೆ ಕೀಳಬೇಡಿ, ಬಾಯಿಯ ಹತ್ತಿರ ದಾರ ಕತ್ತರಿಸಿ ಬಿಡಿ. ಸಾಧ್ಯವಾದರೆ ನೀರಿನಲ್ಲೇ ಬಿಡಿಸಿ. ಕಡಿಮೆ ಆಳದಲ್ಲಿ ಹಿಡಿಯುವುದರ ದೊಡ್ಡ ಲಾಭ ಇದೇ. ಆಳದಿಂದ ಎಳೆದ ಮೀನಿನ ಗಾಳಿಚೀಲ ಉಬ್ಬಿಕೊಳ್ಳುತ್ತದೆ, ಬಿಟ್ಟರೂ ಎಷ್ಟೋ ಸಾಯುತ್ತವೆ. ಐದು ಮೀಟರಿನಿಂದ ಬಂದದ್ದು ಬಾಲ ಬಡಿದು ಸೀದಾ ಕೆಳಗೆ ಹೋಗುತ್ತದೆ.

ತುಂಬಾ ದೊಡ್ಡದು ಸಿಕ್ಕರೆ?

ಕಾನೂನಿನ ಪ್ರಕಾರ ಇಟ್ಟುಕೊಳ್ಳಬಹುದು. 1992ರಲ್ಲಿ ಮೊಟಿಟಿ ದ್ವೀಪದ ಹತ್ತಿರ 17.2 ಕಿಲೋದ ಸ್ನ್ಯಾಪರ್ ಹಿಡಿದದ್ದು ದಾಖಲೆ. ಅಷ್ಟು ದೊಡ್ಡದು ನಮಗೆ ಸಿಗುವುದಿಲ್ಲ ಅಂದುಕೊಳ್ಳೋಣ. ಆದರೆ ಐದಾರು ಕಿಲೋದ್ದು ದಡದ ಹತ್ತಿರವೇ ಸಿಗಬಹುದು. ನಾನು ಅವನ್ನು ಒಂದು ಫೋಟೋ ತೆಗೆದು ಬಿಡುತ್ತೇನೆ. ದೊಡ್ಡ ಹೆಣ್ಣು ಇಡುವ ಮೊಟ್ಟೆ ಸಣ್ಣದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ರುಚಿಗೂ 35, 40 ಸೆಂಟಿಮೀಟರಿನದೇ ಮೇಲು, ಮಾಂಸ ಮೆತ್ತಗಿರುತ್ತದೆ.

ಗಾಳಕ್ಕೆ ಹಕ್ಕಿ ಸಿಕ್ಕಿಕೊಂಡರೆ?

ದಾರ ಕತ್ತರಿಸಿ ಓಡಿಸಬೇಡಿ. ಉದ್ದ ದಾರ ಎಳೆದುಕೊಂಡು ಹೋದ ಹಕ್ಕಿ ಎಲ್ಲಾದರೂ ಸಿಕ್ಕಿಹಾಕಿಕೊಂಡು ಸಾಯುತ್ತದೆ. ನಿಧಾನ ಹತ್ತಿರ ಎಳೆದು, ಟವೆಲ್ ಹೊದಿಸಿ, ಗಾಳದ ಮುಳ್ಳು ಕತ್ತರಿಸಿ ಬಿಡಿಸಿ.

ಕುಯ್ದಾಗ ಮಾಂಸ ಹಾಲಿನ ಹಾಗೆ ಬೆಳ್ಳಗೆ, ಮೆತ್ತಗೆ ಇತ್ತು. ತಿನ್ನಬಹುದಾ?

2022ರಿಂದ ಹೌರಾಕಿ ಕೊಲ್ಲಿಯ ಕೆಲವು ಸ್ನ್ಯಾಪರ್‌ಗಳಲ್ಲಿ ಇದು ಕಾಣಿಸಿಕೊಂಡಿತು. ಪರೀಕ್ಷೆ ಮಾಡಿದಾಗ ಬಹಳ ದಿನ ಸರಿಯಾಗಿ ಆಹಾರ ಸಿಗದೆ ಸೊರಗಿದ ಲಕ್ಷಣ ಅಂತ ತಿಳಿಯಿತು. ತಿಂದರೆ ತೊಂದರೆ ಇಲ್ಲ, ಆದರೆ ಬೇಯಿಸಿದರೆ ಹಿಟ್ಟಿನ ಹಾಗೆ ಆಗುತ್ತದೆ. ಇಷ್ಟು ದೊಡ್ಡ ಕೊಲ್ಲಿಯಲ್ಲಿ ಮೀನಿಗೇ ಊಟ ಇಲ್ಲ ಅನ್ನುವುದು ನನ್ನನ್ನು ಬಹಳ ಕಾಡಿದ ಸುದ್ದಿ.

ಜಾಸ್ತಿ ಸಿಕ್ಕರೆ ಪರಿಚಯದವರಿಗೆ ಮಾರಬಹುದಾ?

ಮಾರುವಂತಿಲ್ಲ. ಅಕ್ಕಿಗೋ ಬೇರೆ ಸಾಮಾನಿಗೋ ಬದಲಾಗಿ ಕೊಡುವಂತೆಯೂ ಇಲ್ಲ. ಸುಮ್ನೆ ಕೊಟ್ಟರೆ ಸರಿ. ತಪ್ಪು ದೊಡ್ಡದಾದರೆ ದೋಣಿ, ಕಾರು ಎಲ್ಲ ಹೋಗಬಹುದು.

ಮನೆಗೆ ತರುವ ತನಕ ತಾಜಾ ಇಡುವುದು ಹೇಗೆ?

ಇಟ್ಟುಕೊಳ್ಳುವುದು ಅಂತ ಆದ ಮೇಲೆ ಒದ್ದಾಡಲು ಬಿಡಬೇಡಿ. ಕಣ್ಣಿನ ಸ್ವಲ್ಪ ಹಿಂದೆ, ಮೇಲೆ, ಮಿದುಳಿಗೆ ಚೂಪಾದ ಕಡ್ಡಿಯಿಂದ ಒಂದೇ ಸಲ ಚುಚ್ಚಿ. ಇಕಿ ಜಿಮೆ ಅನ್ನುವ ಜಪಾನಿನ ಪದ್ಧತಿ ಇದು, ಇಲ್ಲಿ ಎಲ್ಲರಿಗೂ ಗೊತ್ತು. ಮೀನಿನ ಮೈ ಒಮ್ಮೆ ಅದುರಿ ಸಡಿಲವಾಗುತ್ತದೆ. ಆಮೇಲೆ ಐಸಿಗೆ ಸಮುದ್ರದ ನೀರು ಬೆರೆಸಿದ ಪೆಟ್ಟಿಗೆಯಲ್ಲಿ ಮುಳುಗಿಸಿ. ಬರೀ ಐಸಿಗಿಂತ ಇದು ಬೇಗ ತಣ್ಣಗೆ ಮಾಡುತ್ತದೆ. ಮಾಂಸ ಗಟ್ಟಿಯಾಗಿ, ಗಾಜಿನ ಹಾಗೆ ತಿಳಿಯಾಗಿ ಉಳಿಯುತ್ತದೆ.

ನಮ್ಮ ಕಡೆಯ ಅಡುಗೆಗೆ ಹೊಂದುತ್ತದಾ?

ಚೆನ್ನಾಗಿ ಹೊಂದುತ್ತದೆ. ಬಂಗಡೆಯ ಹಾಗೆ ಎಣ್ಣೆ ಮೀನಲ್ಲ, ಬಿಳಿ ಮಾಂಸ, ಮೆದು ರುಚಿ. ಆದ್ದರಿಂದ ಮಸಾಲೆ ಸ್ವಲ್ಪ ತಗ್ಗಿಸಿ. ರವೆ ಫ್ರೈಗೆ ಚರ್ಮದ ಸಮೇತ ತುಂಡು ಮಾಡಿ. ಸಾರಿಗೆ ತೆಂಗಿನಕಾಯಿ, ಬ್ಯಾಡಗಿ ಮೆಣಸು, ಹುಳಿ ರುಬ್ಬಿ ಕುದಿಸಿ, ಮೀನನ್ನು ಕೊನೆಗೆ ಹಾಕಿ. ಐದಾರು ನಿಮಿಷ ಸಾಕು, ಜಾಸ್ತಿ ಕುದಿಸಿದರೆ ಪುಡಿಯಾಗುತ್ತದೆ. ನಮ್ಮ ಮನೆಯಲ್ಲಿ ಜುಮ್ಮನಕಾಯಿ ಎಂಬ ಮಸಾಲೆ ಕಾಯಿ ಜಜ್ಜಿ ಹಾಕುತ್ತೇವೆ. ಊರಿನಿಂದ ಬರುವವರ ಹತ್ತಿರ ತರಿಸಿಕೊಂಡು ಡಬ್ಬಿಯಲ್ಲಿ ಜೋಪಾನ ಮಾಡಿಟ್ಟಿರುತ್ತೇವೆ.

ತಲೆ, ಮುಳ್ಳು ಏನು ಮಾಡುವುದು?

ಎಸೆಯಬೇಡಿ. ಎಷ್ಟೋ ಜನ ಎರಡು ಬದಿಯ ಮಾಂಸ ಮಾತ್ರ ತೆಗೆದುಕೊಂಡು ಉಳಿದದ್ದನ್ನು ಎಸೆಯುತ್ತಾರೆ. ನಮಗೂ, ಮಾವೊರಿಗಳಿಗೂ, ಪೆಸಿಫಿಕ್ ದ್ವೀಪದವರಿಗೂ ತಲೆಯೇ ರುಚಿ. ದಕ್ಷಿಣ ಆಕ್ಲೆಂಡಿನ ಮಂಗೆರೆಯ ಪಾಪತುವಾನುಕು ಕೋಕಿರಿ ಮರೈ, ಅಂದರೆ ಅಲ್ಲಿನ ಮಾವೊರಿ ಸಮುದಾಯದ ಮನೆ, 2016ರಲ್ಲಿ ಇತರರ ಜೊತೆ ಸೇರಿ ಕಾಯ್ ಇಕಾ ಅನ್ನುವ ಕೆಲಸ ಶುರುಮಾಡಿತು. ದೋಣಿಯವರು ಬಿಟ್ಟು ಹೋಗುವ ಮೀನಿನ ತಲೆ, ಮುಳ್ಳುಗಳನ್ನು ಕೂಡಿಸಿ ಬೇಕಾದ ಮನೆಗಳಿಗೆ ಹಂಚುತ್ತಾರೆ. ನೀವು ತಲೆ ತಿನ್ನದಿದ್ದರೆ ಅಲ್ಲಿಗೆ ಕೊಡಿ. ತಿನ್ನುವವರಾದರೆ ಕಿವಿರು ತೆಗೆದು, ತಲೆಯನ್ನು ಎರಡು ಹೋಳು ಮಾಡಿ, ಅದೇ ಸಾರಿಗೆ ಹಾಕಿ. ಕೆನ್ನೆಯ ಹತ್ತಿರ ರೂಪಾಯಿಯಗಲದ ಒಂದು ತುಂಡು ಮಾಂಸ ಇರುತ್ತದೆ. ನಮ್ಮ ಮನೆಯಲ್ಲಿ ಅದು ಅಮ್ಮನ ಪಾಲು.